ಡಬ್ಬಿಯೊಳಗಿನ ಪಂಖಾ

"ಪಂಖಾ ಕೊಡು ಅಂದೆ," ಎಂದು ನಸೀರುದ್ದೀನ ಮೂರನೇ ಸಲ ಕೈ ಚಾಚಿದ.

"ಎಲ್ಲಾ ನೋಡಿ ಮುಗಿಸ್ರಿ, ಆಮ್ಯಾಲ," ಎಂದಳು ಹೆಂಡತಿ ಗೌಹರಬೇಗಂ. ಹೊಲದ ಬಂಡಿದಾರಿಯಲ್ಲಿ ನಿಂತ ರಿಮೋಟಿನ ಪುಟ್ಟ ವಿಮಾನದ ಪಂಖಾ ಅವಳ ತೊಡೆಯ ಮೇಲಿದ್ದ ಊಟದ ಡಬ್ಬಿಯಲ್ಲಿ, ರೊಟ್ಟಿಯ ಕೆಳಗೆ ಭದ್ರವಾಗಿತ್ತು. ಗಂಡ ಚಾಚಿದ ಕೈಯಲ್ಲಿ ತೋರುಬೆರಳು ಅರ್ಧವೇ ಇತ್ತು. ಉಳಿದರ್ಧವನ್ನು ಹನ್ನೆರಡು ವರ್ಷದ ಹಿಂದೆ ರಿಪೇರಿಗೆ ಬಂದ ಕೂಲರೊಂದರ ಪಂಖಾ ತಿಂದಿತ್ತು. "ಅವತ್ತೂ ಹಿಂಗ ಅವಸರ ಮಾಡಿದ್ರಿ," ಎಂದು ಆಕೆ ಡಬ್ಬಿಯ ಮುಚ್ಚಳ ಒತ್ತಿದಳು.

ಅವಸರಕ್ಕೆ ಕಾರಣವಿತ್ತು. ಶಹಾಪುರದಲ್ಲಿ ಪಂಪಿನ ಮೋಟಾರಿಗೆ ತಂತಿ ಸುತ್ತುವ ನಸೀರುದ್ದೀನನಿಗೆ ಅರವತ್ತರ ಹತ್ತಿರ ಈ ಪುಟ್ಟ ವಿಮಾನ ಮಾಡುವ ಹುಚ್ಚು ಹತ್ತಿತ್ತು. ಮೊದಲ ವಿಮಾನವನ್ನು ಸುರಪುರದ ಮೈದಾನದಲ್ಲಿ ಜನ ಸೇರಿಸಿ ಹಾರಿಸಲು ಹೋಗಿದ್ದ. ಬಲಕ್ಕೆ ತಿರುಗು ಎಂದರೆ ಅದು ಎಡಕ್ಕೆ ತಿರುಗಿ, ಮೂರು ಎಣಿಸುವುದರೊಳಗೆ ನೆಲಕ್ಕೆ ಮೂಗು ಹೊಡೆಯಿತು. ಅಂದಿನಿಂದ ಸುರಪುರದಲ್ಲಿ ಬಸ್ಸಿಳಿದರೆ ಸಾಕು, "ಪೈಲಟ್ ಸಾಹೇಬ್ರು ಬಂದ್ರು" ಎಂದು ಚಹಾದಂಗಡಿಯವರು ಎದ್ದು ನಿಲ್ಲುತ್ತಾರೆ. ಇದು ಎರಡನೆಯದು, ಎಂಟು ತಿಂಗಳ ಕೆಲಸ. ಇವತ್ತು ಹಾರದಿದ್ದರೆ ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿ ಬಂದಿದ್ದ. ಎಂಟು ಗಂಟೆ ದಾಟಿದರೆ ಗಾಳಿ ಏಳುತ್ತದೆ, ಆಗಲೇ ಏಳೂವರೆ ಆಗಿತ್ತು.

ಅವನು ರಿಮೋಟನ್ನು ಕೊರಳಿಗೆ ನೇತುಹಾಕಿಕೊಂಡು, ವೇಗದ ಕಡ್ಡಿಯನ್ನು ಪೂರ್ತಿ ಕೆಳಗೆ ಎಳೆದು, ಮೊದಲು ರಿಮೋಟು ಚಾಲೂ ಮಾಡಿದ. ಆಮೇಲೆ ವಿಮಾನದ ಬ್ಯಾಟರಿ ಜೋಡಿಸಿದ. ವಿಮಾನ ಕುಂಯ್ ಕುಂಯ್ ಎಂದಿತು.

"ಬಲಕ್ಕ," ಎಂದಳು ಗೌಹರಬೇಗಂ. ಬಲರೆಕ್ಕೆಯ ಪಟ್ಟಿ ಮೇಲೆದ್ದಿತು. "ಎಡಕ್ಕ." ಎಡದ್ದು ಎದ್ದಿತು. "ಬಾಲ?" ಅದೂ ಸರಿ. ನಸೀರುದ್ದೀನನ ಮುಖ ಅರಳಿತು. "ನೋಡು, ಈ ಸಲ ನನ್ನ ಮಾತು ಕೇಳಾಕತ್ತದ!"

ಅಷ್ಟರಲ್ಲಿ ತಟ್ಟೆ ಹಿಡಿದು ಪರಮಣ್ಣ ಬಂದ. ಹೊಲ ಅವನದು. ಶಾಲೆಯಿಂದಲೂ ನಸೀರುದ್ದೀನನ ಗೆಳೆಯ, ಭಜನಾ ಮೇಳದ ತಬಲಾದವ. ಹೊಸ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ತಟ್ಟೆಯಲ್ಲಿ ಕಾಯಿ, ನಿಂಬೆಹಣ್ಣು, ನೀರಲ್ಲಿ ಕಲಸಿದ ಕುಂಕುಮ, ಒಂದು ಚೆಂಡುಹೂವಿನ ಹಾರ.

"ಪೂಜಾ ಇಲ್ದ ಹೊಸ ಗಾಡಿ ಹೊರಡತದೇನೋ? ನನ್ನ ಟ್ರ್ಯಾಕ್ಟರಿಗೂ ಚಾಲೂ ಇಟ್ಟ ಪೂಜಾ ಮಾಡಿದ್ದೆ," ಎಂದವನೇ ಹಾರವನ್ನು ಗೆಳೆಯನ ಕೊರಳಿಗೆ ಹಾಕಿ ಚಪ್ಪಾಳೆ ತಟ್ಟಿದ. ವಿಮಾನದ ಬೋಳು ಮೂಗು ನೋಡಿ ಮುಖ ಸಿಂಡರಿಸಿದ. "ಪಂಖಾ ಎಲ್ಲದ? ಹಚ್ಚರಿ ಭಾಭಿ. ಕುಂಕುಮ ಎಲ್ಲಿ ಇಡ್ಲಿ?"

"ಈಗ ಹಚ್ಚಂಗಿಲ್ರಿ ಭಾಯಿ. ಮುಂದ ಕುಂದ್ರಬ್ಯಾಡ್ರಿ, ಬ್ಯಾಟರಿ ಜೋಡ್ಸ್ಯಾರ."

"ಒಂದ ನಿಮಿಷ ಹಚ್ಚಿದ್ರ ಏನಾಗತದ ಗೌಹರ? ಅಂವನ ಮನಸಿಗಾದ್ರೂ ಸಮಾಧಾನ," ಎಂದು ನಸೀರುದ್ದೀನನೂ ದನಿಗೂಡಿಸಿದ.

ಇಬ್ಬರು ಗಂಡಸರು ಒಂದಾದರು. ಗೌಹರಬೇಗಂ ಡಬ್ಬಿಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ಎಷ್ಟ್ ಹಟದಾಕಿ!" ಎಂದು ಗೊಣಗುತ್ತ ಪರಮಣ್ಣ ವಿಮಾನದ ಎದುರೇ ಕುಕ್ಕರುಗಾಲಲ್ಲಿ ಕೂತು, ನಿಂಬೆಹಣ್ಣನ್ನು ಗಾಲಿಯ ಕೆಳಗಿಟ್ಟು, ಬೆರಳನ್ನು ಕುಂಕುಮದಲ್ಲಿ ಅದ್ದಿ ಮೋಟಾರಿನ ತುದಿಗೆ ಚಾಚಿದ. ಅದನ್ನು ನೋಡಲು ನಸೀರುದ್ದೀನ ಮುಂದಕ್ಕೆ ಬಾಗಿದ. ಹಾರ ರಿಮೋಟಿನ ಮೇಲೆ ಜಾರಿತು. ಹೂವಿನ ಭಾರಕ್ಕೆ ವೇಗದ ಕಡ್ಡಿ ಪೂರ್ತಿ ಮುಂದಕ್ಕೆ ಹೋಯಿತು.

ಮೋಟಾರು ಕಿರುಚಿತು. ಪರಮಣ್ಣ ಹಿಂದಕ್ಕೆ ಬಿದ್ದ. ಅವನ ಕೈ, ಮುಖ, ಎದೆ, ಬಿಳಿ ಅಂಗಿಯೆಲ್ಲ ಕೆಂಪೋ ಕೆಂಪು.

"ಯಾ ಅಲ್ಲಾ!" ನಸೀರುದ್ದೀನ ಕಡ್ಡಿ ಎಳೆಯುವಷ್ಟರಲ್ಲಿ ಗೌಹರಬೇಗಂ ಹಿಂದಿನಿಂದ ಓಡಿಬಂದು ಬ್ಯಾಟರಿ ಕಿತ್ತಳು. ಆಮೇಲೆ ಪರಮಣ್ಣನ ಎರಡೂ ಕೈ ಹಿಡಿದು ತನ್ನ ಸೆರಗಿನಿಂದಲೇ ಒರೆಸಿದಳು. ಒಂದೊಂದು ಬೆರಳನ್ನೂ ಬಿಡಿಸಿ ನೋಡಿದಳು. ಕುಂಕುಮ. ಬರೀ ಕುಂಕುಮ. ತಿರುಗಿದ್ದು ಪಂಖಾ ಇಲ್ಲದ ಮೋಟಾರಿನ ಬೋಳು ತುದಿ, ಅದು ಬೆರಳ ತುದಿಯನ್ನು ಸವರಿ ಬಣ್ಣ ಚಿಮ್ಮಿಸಿತ್ತು, ಅಷ್ಟೇ.

ನಸೀರುದ್ದೀನ ತನ್ನ ಅರ್ಧ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಪರಮಣ್ಣ ಎದ್ದು, ಗೆಳೆಯನ ಕೊರಳಿನಿಂದ ಹಾರ ತೆಗೆದು ಬದುವಿನ ಹತ್ತಿರ ನಿಂತಿದ್ದ ತನ್ನ ಟ್ರ್ಯಾಕ್ಟರಿನ ಹಾರ್ನಿಗೆ ಹಾಕಿ, ಬಂದು ಗೌಹರಬೇಗಂಳ ಬೆನ್ನ ಹಿಂದೆ ನಿಂತ. "ನೀವ್ ಹೇಳಿದಂಗ ಭಾಭಿ. ಎಲ್ಲಿ ನಿಂದ್ರು ಅಂತೀರಿ, ಅಲ್ಲಿ."

"ಮತ್ತ ಮೊದಲಿಂದ," ಎಂದಳಾಕೆ. ಬ್ಯಾಟರಿ ಮತ್ತೆ ಜೋಡಿಸುವ ಮೊದಲೇ ಡಬ್ಬಿ ತೆರೆದು, ರೊಟ್ಟಿ ಸರಿಸಿ, ಪಂಖಾ ಹೊರತೆಗೆದು ತಾನೇ ಬಿಗಿದಳು. ಎಲ್ಲರನ್ನೂ ವಿಮಾನದ ಹಿಂದಕ್ಕೆ ಕರೆದಳು. ಕಡ್ಡಿ ಕೆಳಗೆ, ರಿಮೋಟು ಚಾಲೂ, ಕೊನೆಗೆ ಬ್ಯಾಟರಿ. ಬಲಕ್ಕೆ, ಎಡಕ್ಕೆ, ಬಾಲ. ಎಂಟಕ್ಕೆ ಐದು ನಿಮಿಷವಿತ್ತು.

"ಹೂಂ, ಈಗ ಬಿಡ್ರಿ!"

ವಿಮಾನ ಬಂಡಿದಾರಿಯಲ್ಲಿ ಓಡಿತು, ಕುಪ್ಪಳಿಸಿತು, ಎದ್ದಿತು. ಜೋಳದ ಕೂಳೆ ದಾಟಿತು, ಬೇವಿನ ಮರ ದಾಟಿತು. ಬಲಕ್ಕೆ ಎಂದರೆ ಬಲಕ್ಕೇ ತಿರುಗಿ, ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಕಡೆ ಹೊಳೆಯುತ್ತ ಹೋಯಿತು. ನಸೀರುದ್ದೀನ ನಗುತ್ತಿದ್ದ, ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. "ಸುರಪುರದಾಗ ಹೋಗಿ ಹೇಳ್ ಲೇ ಪರಮ್ಯಾ, ಹೇಳು!" ಎಂದು ಕೂಗಿದ.

ಪರಮಣ್ಣ ಖುಷಿ ತಡೆಯಲಾರದೆ ಊಟದ ಡಬ್ಬಿಗೆ ಮುಚ್ಚಳ ಹಾಕಿ ಬೋರಲಿಟ್ಟು ತಬಲಾ ಬಾರಿಸತೊಡಗಿದ. ಗಂಡ ವಿಮಾನ ನೋಡುತ್ತಿದ್ದ. ಗೌಹರಬೇಗಂ ಡಬ್ಬಿಯ ಮೇಲೆ ಕುಣಿಯುತ್ತಿದ್ದ, ಒರೆಸಿದರೂ ಕೆಂಪು ಹೋಗದ ಹತ್ತು ಬೆರಳುಗಳನ್ನು ನೋಡುತ್ತಿದ್ದಳು.