ಗೀಚಮ್ಮನ ಹಾಳೆ

ನಾಲ್ಕೂವರೆಗೆ ಐದು ನಿಮಿಷವಿರುವಾಗ ಪೆನ್ನಿನಂಗಡಿಯ ಯಜಮಾನತಿ ಕೌಂಟರಿನ ಮೇಲಿದ್ದ ಪ್ಯಾಡನ್ನು ಎತ್ತಿ ತನ್ನ ಸ್ಟೂಲಿನ ಮೇಲಿಟ್ಟಳು. ಆಮೇಲೆ ಅದರ ಮೇಲೆ ಕುಳಿತಳು.

"ಅದು ಗಿರಾಕಿಗಳು ಪೆನ್ನು ಬರೆದು ನೋಡೋಕೆ ಇಟ್ಟಿರೋದು ಕಣೇ," ಎಂದ ಗಂಡ.

"ಗಿರಾಕಿಗಳಿಗೆ ತಾನೇ? ನಿಮ್ಮ ಗೀಚಮ್ಮ ಒಂದು ತಿಂಗಳಿಂದ ದಿನಾ ಬರ್ತಾಳೆ. ಒಂದು ರಬ್ಬರಾದ್ರೂ ತಗೊಂಡಿದ್ದಾಳಾ? ಇವತ್ತು ಏನು ಮಾಡ್ತಾಳೋ ನೋಡೇಬಿಡ್ತೀನಿ."

ಗೀಚಮ್ಮ ಎಂಬ ಹೆಸರಿಟ್ಟವಳೂ ಅವಳೇ. ಎದುರು ಕಟ್ಟಡದ ಎರಡನೇ ಮಹಡಿಯಲ್ಲಿ ರಕ್ತಪರೀಕ್ಷೆಯ ಲ್ಯಾಬ್ ಇತ್ತು. ಅಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ದಿನವೂ ಈ ಹೊತ್ತಿಗೆ ಇಳಿದು ಬಂದು, ಕೈಗೆ ಸಿಕ್ಕಿದ ಪೆನ್ನು ಹಿಡಿದು ಕಾಲು ಗಂಟೆ ಗೀಚುತ್ತಿದ್ದಳು. ಹಸಿರು ಸುರುಳಿ, ಅದರೊಳಗೆ ನೀಲಿ ಗೆರೆ, ಗೆರೆಯ ಸಂದಿಯಲ್ಲಿ ಕೆಂಪು ಚುಕ್ಕಿ. ಮನೆಯಲ್ಲ, ಮರವಲ್ಲ, ಮುಖವಲ್ಲ. ಅಂಗಡಿಯವನಿಗೆ ಅದಕ್ಕಿಂತ ದೊಡ್ಡ ಸೋಜಿಗ ಬೇರೊಂದಿತ್ತು. ಹೊಸ ಪೆನ್ನು ಕೈಗೆ ಬಂದರೆ ಜನ ಬರೆಯುವುದು ಹೆಸರನ್ನೇ. ತಮ್ಮದು, ಮಕ್ಕಳದು, ಕಾಲೇಜಿನವರಾದರೆ ಆಚೀಚೆ ನೋಡಿಕೊಂಡು ಇನ್ಯಾರದೋ. ಇಪ್ಪತ್ತು ವರ್ಷದಲ್ಲಿ ಹೆಸರು ಬರೆಯದವಳು ಇವಳೊಬ್ಬಳೇ.

ಬಂದಳು. ಕೌಂಟರಿನ ಆ ತುದಿ ನೋಡಿದಳು, ಈ ತುದಿ ನೋಡಿದಳು.

"ಪ್ಯಾಡು?"

"ಮುಗಿದು ಹೋಯ್ತು," ಎಂದಳು ಯಜಮಾನತಿ.

"ಇಲ್ವಲ್ಲ. ನೀವು ಅದರ ಮೇಲೇ ಕೂತಿದ್ದೀರಿ."

ಗಂಡ ಕೆಮ್ಮು ಬಂದವನಂತೆ ಆ ಕಡೆ ತಿರುಗಿ ನಕ್ಕ. ಯಜಮಾನತಿ ಸೋಲಲಿಲ್ಲ. "ಹೌದಮ್ಮ, ಕೂತಿದ್ದೀನಿ. ನಿಮ್ಮನೇಲಿ ಕಾಗದ ಇಲ್ವಾ?"

"ಇದೆ. ದೊಡ್ಡ ಪುಸ್ತಕ, ಬಣ್ಣ, ಬ್ರಶ್ಶು, ಎಲ್ಲಾ ಅಕ್ಕ ತಂದುಕೊಟ್ಟಿದ್ದಾಳೆ. ಇಂಥದ್ದೇ ಅಂತಿಲ್ಲದ ಚಿತ್ರ ಬರೀತಾ ಕೂತ್ಕೋ, ಧ್ಯಾನ ಮಾಡಿದ ಹಾಗೆ ಅಂದ್ಲು. ಆ ಪುಸ್ತಕ ಬಿಚ್ಚಿದ್ರೆ ಅಷ್ಟಗಲ ಹಾಳೆ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತೆ. ಇಲ್ಲಾದ್ರೆ ಹಾಳು ಮಾಡೋಕೆ ಅಂತಲೇ ಇಟ್ಟ ಕಾಗದ."

"ಹಾಳು ಮಾಡ್ತಿರೋದಂತೂ ನಿಜ!" ಯಜಮಾನತಿ ಪ್ಯಾಡನ್ನು ಹೊರಗೆಳೆದು ಹಾಳೆಗಳನ್ನು ಹಿಂದೆ ಹಿಂದೆ ಮಗುಚಿದಳು. "ಗೀಚೋದು ಗೀಚ್ಕೋ. ಈ ಕಪ್ಪು ಗುಡ್ಡೆ ಯಾಕೆ? ಒಂದು ಹಾಳೆನೂ ಬಿಟ್ಟಿಲ್ಲ. ಉಜ್ಜಿ ಉಜ್ಜಿ ಕೆಳಗಿನ ಹಾಳೆಗೂ ತೂತು. ನನ್ನ ಪೆನ್ನುಗಳ ಮೂತಿ ಎಲ್ಲಾ ಸೊಟ್ಟಗಾಗಿದೆ."

ಗೀಚಮ್ಮ ಆ ಕಪ್ಪನ್ನು ನೋಡಿದಳು. ಬಸ್ಸಿನ ಸಮಯ ಹೇಳುವ ದನಿಯಲ್ಲಿ ಹೇಳಿದಳು: "ಲ್ಯಾಬ್‌ನಲ್ಲಿ ನನ್ನ ಕೆಲಸ ಸೀಸೆಗಳ ಮೇಲೆ ಹೆಸರು ಬರೆಯೋದು. ಹೋದ ವರ್ಷ ನನ್ನ ಗಂಡನ ಸೀಸೆ ಮೇಲೂ ನಾನೇ ಬರೆದೆ. ವಾರಕ್ಕೆರಡು ಸಲ. ಅವರು ಹೋಗಿ ಏಳು ತಿಂಗಳಾಯ್ತು. ಕೈಗೆ ಇನ್ನೂ ಗೊತ್ತಾಗಿಲ್ಲ. ಮೈಮರೆತರೆ ಅದೇ ಹೆಸರು ಬರೆದುಬಿಡುತ್ತೆ. ಎರಡು ಸಲ ಬೇರೆಯವರ ಸೀಸೆ ಮೇಲೆ ಬರೆದುಬಿಟ್ಟೆ. ಇನ್ನೊಂದು ಸಲ ಆದ್ರೆ ಮನೆಗೆ ಹೋಗು ಅಂದಿದ್ದಾರೆ. ಇಲ್ಲಿ ಗೀಚುವಾಗಲೂ ಆ ಹೆಸರೇ ಬಂದುಬಿಡುತ್ತೆ, ಅದಕ್ಕೇ ಹೊಡೆದು ಹಾಕ್ತೀನಿ. ಒಂದೇ ಒಂದು ಹಾಳೆ ಅದಿಲ್ಲದೆ ತುಂಬಿಸಬೇಕು ಅಂತ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜಮಾನತಿ ಪ್ಯಾಡನ್ನು ಕೌಂಟರಿನ ಮೇಲಿಟ್ಟು, ತಾನು ಕುಳಿತು ಆದ ಸುಕ್ಕನ್ನು ಅಂಗೈಯಿಂದ ನೀವಿದಳು. ಪೆನ್ನುಗಳ ಡಬ್ಬಿ ಜಾಲಾಡಿ ಒಂದನ್ನು ಆರಿಸಿ ಕೊಟ್ಟಳು. "ತಗೋ. ಇದರ ಮೂತಿ ಗಟ್ಟಿ."

ನೇರಳೆ ಬಣ್ಣದ ಪೆನ್ನು. ಹಾಳೆಯ ಅಂಚಿನಿಂದ ಒಂದು ಗೆರೆ ಹೊರಟಿತು, ದಾರಿಯಲ್ಲಿ ಯಾರನ್ನೋ ನೋಡಿದಂತೆ ಬಳುಕಿತು, ಸುತ್ತಿಕೊಂಡು ಬಂದು ತನ್ನನ್ನೇ ದಾಟಿತು. ಅವಳ ಹೆಗಲು ಇಳಿಯಿತು. ಯಾರೋ ಬಂದು ಅಂಟು ಕೇಳಿದರು, ಅಂಗಡಿಯವನು ಪಿಸುಮಾತಿನಲ್ಲಿ ಮಾರಿದ. ಯಜಮಾನತಿ ನೆಟ್ಟಗಿದ್ದ ಅಡಿಪಟ್ಟಿಗಳನ್ನು ಮತ್ತೆ ಮತ್ತೆ ನೆಟ್ಟಗೆ ಜೋಡಿಸುತ್ತ ಆ ಕೈಯನ್ನೇ ನೋಡುತ್ತಿದ್ದಳು. ಕೈ ಎಲ್ಲಾದರೂ ನಿಧಾನವಾದರೆ ಇವಳ ಉಸಿರು ನಿಲ್ಲುತ್ತಿತ್ತು. ಗೆರೆ ಮುಂದೆ ಹೋಗುತ್ತಿತ್ತು. ಕಾಲು ಗಂಟೆಗೆ ಹಾಳೆ ತುಂಬಿತು.

"ಇಲ್ಲ! ಕಪ್ಪು ಇಲ್ಲ! ರೀ, ನೋಡ್ರೀ, ಒಂದೂ ಇಲ್ಲ!" ಯಜಮಾನತಿ ಪರೀಕ್ಷೆಯಲ್ಲಿ ತಾನೇ ಪಾಸಾದವಳಂತೆ ಕೂಗಿದಳು.

ಗೀಚಮ್ಮ ಹಾಳೆಯನ್ನು ಮೂಲೆಯಿಂದ ಮೂಲೆಗೆ ಹುಡುಕಿದಳು. ಪ್ಯಾಡನ್ನು ತಿರುಗಿಸಿ ಹುಡುಕಿದಳು. "ಹೌದು, ಇಲ್ಲ," ಎಂದಳು. ಬೀದಿಗೆ ಬಂದ ಮೇಲೆ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ನೆನಪಾಗದವಳಂತೆ ಕೌಂಟರಿನ ಮುಂದೆಯೇ ನಿಂತಳು.

ಆಮೇಲೆ ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದಳು. ಕೆಳಗಿನ ಮೂಲೆಯಲ್ಲಿ ಉಗುರಿನಷ್ಟು ಬಿಳಿ ಉಳಿದಿತ್ತು. ಅಲ್ಲಿ, ಸೀಸೆಗೆ ಬರೆಯುವಷ್ಟೇ ದುಂಡಾಗಿ, ನಿಧಾನವಾಗಿ ಆ ಹೆಸರು ಬರೆದಳು. ಹೊಡೆದು ಹಾಕಲಿಲ್ಲ.

"ಇದನ್ನೇ ಕೊಡಿ," ಎಂದಳು. "ಚೆನ್ನಾಗಿ ಬರೆಯುತ್ತೆ."

ಅವಳು ಪೆನ್ನು ಕೊಂಡು ರಸ್ತೆ ದಾಟುವಷ್ಟರಲ್ಲಿ ಮುದುಕರೊಬ್ಬರು ಬಂದು ಕೆಂಪು ಪೆನ್ನು ಕೇಳಿದರು. ಬರೆದು ನೋಡಲು ಪ್ಯಾಡಿನ ಮೇಲೆ ಬಗ್ಗಿದರು. ಯಜಮಾನತಿ ಎಡಗೈಯಿಂದ ಹಾಳೆಯನ್ನು ಮುಚ್ಚಿ, ಬಲಗೈಯನ್ನು ಅವರ ಮುಂದೆ ಬಿಡಿಸಿ ಹಿಡಿದಳು.

"ಅದರಲ್ಲಿ ಬೇಡ ತಾತ. ಇಗೋ, ಇಲ್ಲಿ ಬರೆದು ನೋಡಿ."