ತೆಪ್ಪಗಾಗಿಸುವ ಹನಿ

ಕುತೂಹಲದಲ್ಲಿ ಐದಕ್ಕಿಂತ ಹೆಚ್ಚು ಅಂಕ ಬಂದ ಮಕ್ಕಳಿಗೆ ತೆಪ್ಪಗಾಗಿಸುವ ಹನಿ ಹಾಕುವ ದಿನ ಅದು. ಅಂಕ ಕೊಡಬೇಕಾದವರು ತಾಯಂದಿರೇ.

ಅಂಗನವಾಡಿಯ ರೇವಮ್ಮ ಜಗಲಿಯ ಮೇಲೆ ಕೂತು ಫಾರಂ ಬಿಚ್ಚಿದಳು. “ಮಗು ಯಾಕೆ, ಏನು ಅಂತ ಕೇಳುತ್ತಾ?”

“ಇಲ್ಲ ಕಣಕ್ಕ, ಒಂದು ದಿನಾನೂ ಕೇಳಿಲ್ಲ,” ಅಂದಳು ದಾಕ್ಷಾಯಣಿ.

ಅಷ್ಟರಲ್ಲಿ ನಾಲ್ಕು ವರ್ಷದ ಮಗಳು ಹೊನ್ನಿ ಕಿತ್ತ ಗಡಿಯಾರದ ಮುಳ್ಳು ಹಿಡಿದುಕೊಂಡು ಹೊರಗೆ ಬಂದಳು. “ಅಮ್ಮಾ, ಯಾಕೆ ಸುಳ್ಳು ಹೇಳ್ತಿದೀಯಾ?”

ದಾಕ್ಷಾಯಣಿ ಮಗಳ ಬಾಯಿ ಮುಚ್ಚಿದಳು. ರೇವಮ್ಮ ಸೊನ್ನೆ ಬರೆದು, ಹನಿಯ ಸೀಸೆಯನ್ನು ಚೀಲಕ್ಕೆ ಹಾಕಿಕೊಂಡಳು.

“ತಾಯಿ ಹೇಳಿದ್ದನ್ನ ಬರ್ಕೊಳ್ಳೋದಷ್ಟೇ ನನ್ ಕೆಲ್ಸ ಕಣವ್ವ. ಚಿಕ್ಕೋಳಿದ್ದಾಗ ನಂಗೂ ಹನಿ ಹಾಕಿದ್ರು. ಆವತ್ತಿಂದ ಯಾವುದನ್ನೂ ಯಾಕೆ ಅಂತ ಕೇಳಿಲ್ಲ.”

ಅವಳು ಬೀದಿಯ ತಿರುವು ದಾಟಿದ ಮೇಲೆ ದಾಕ್ಷಾಯಣಿ ಮಗಳನ್ನು ಬಾಚಿ ತಬ್ಬಿಕೊಂಡಳು. “ಈಗ ಕೇಳು, ಎಷ್ಟು ಬೇಕಾದ್ರೂ ಕೇಳು.”

ಹೊನ್ನಿ ತಿರುವಿನತ್ತಲೇ ನೋಡುತ್ತಿದ್ದಳು.

“ಅವ್ರಮ್ಮ ಯಾಕಮ್ಮಾ ಸುಳ್ಳು ಹೇಳ್ಲಿಲ್ಲ?”