ಪೂಜೆಯ ತಟ್ಟೆ

“ಅಪ್ಪಾ, ತಡವಾಯ್ತು” ಎಂದು ಮಗಳು ಅವಸರಪಡಿಸಿದ್ದರಿಂದ ಮೇಷ್ಟರು, ಅಂಗಳದಲ್ಲಿ ಬಿಚ್ಚಿ ತೊಳೆದಿದ್ದ ಅವಳ ಕಾರಿನ ಬ್ರೇಕುಗಳನ್ನು ಬೇಗಬೇಗ ಜೋಡಿಸಿ, ಅವಳನ್ನು ಘಾಟಿಯ ದಾರಿಗೆ ಕಳಿಸಿಕೊಟ್ಟರು. ಆಯುಧಪೂಜೆಗೆ ಮುನ್ನ ತಮ್ಮ ಕಾರಿನವನ್ನೂ ಬಿಚ್ಚಿ ತೊಳೆದರು. ಮತ್ತೆ ಜೋಡಿಸುವಾಗ, ಬ್ರೇಕನ್ನು ಹಿಡಿದಿಡುವ ಬೋಲ್ಟುಗಳಲ್ಲಿ ಒಂದು ಕಡಿಮೆಯಾಗಿತ್ತು. ಅಂಗಳವೆಲ್ಲ ತಡಕಿದರು.

“ಇಲ್ಲಿದ್ದ ಬೋಲ್ಟು ಯಾರೇ ತೆಗೆದದ್ದು?”

“ನಾನೇ ಕಣ್ರೀ,” ಎಂದರು ಹೆಂಡತಿ. “ಕತ್ತರಿ, ಈಳಿಗೆ ಜೊತೆ ಪೂಜೆಗಿಟ್ಟೆ. ಸ್ಕೂಲು ಬಿಟ್ಟರೆ ಕಾರು ಬಿಚ್ಚೋ ನಿಮಗೆ ಆಯುಧ ಅದೇ ತಾನೇ?”

“ಅದಿಲ್ಲದೆ ಹೊರಟಿದ್ದರೆ ಇವತ್ತೇ ನನ್ನ ಕತೆ ಮುಗೀತಿತ್ತು, ಮಾರಾಯ್ತಿ!”

“ಬಿಡ್ತು ಅನ್ನಿ!”

ಹೋದ ಜೀವ ಬಂದಂತಾಗಿ ಮೇಷ್ಟರು ದೇವರಮನೆಗೆ ನಡೆದರು. ತಟ್ಟೆಯಲ್ಲಿ, ಕುಂಕುಮ ಧರಿಸಿ, ಒಂದರ ಪಕ್ಕ ಒಂದು, ಎರಡು ಬೋಲ್ಟುಗಳಿದ್ದವು.